ಐದನೇ ತಿಂಗಳ ಹೊಟ್ಟೆಗೆ ಯಾವ ಆಸರೆ? ದಿಂಬು, ಬೆಲ್ಟ್, ಬ್ರಾ, ಕಾಲುಚೀಲಗಳ ಹೋಲಿಕೆ

ನೋವು ಒಂದು ಕಡೆ, ಬೆಲ್ಟ್ ಇನ್ನೊಂದು ಕಡೆ. ಬಸುರಿನಲ್ಲಿ ಕೊಂಡ ಆಸರೆಯ ವಸ್ತು ಎರಡೇ ದಿನಕ್ಕೆ ಕಪಾಟು ಸೇರುವುದಕ್ಕೆ ಸಾಮಾನ್ಯ ಕಾರಣ ಇದು. 14ನೇ ವಾರದಿಂದ 27ನೇ ವಾರದವರೆಗಿನ ನಡುವಿನ ತಿಂಗಳುಗಳಲ್ಲಿ ವಾಂತಿ, ಸುಸ್ತು ಹಿಂದೆ ಸರಿದಿರುತ್ತವೆ, ಊಟ ಸೇರತೊಡಗುತ್ತದೆ. ಆದರೆ ಸೊಂಟ, ತೊಡೆಸಂದು, ಕಾಲುಗಳ ದೂರು ಶುರುವಾಗುವುದೂ ಆಗಲೇ. 12ನೇ ವಾರದಲ್ಲಿ ಕಿಬ್ಬೊಟ್ಟೆಯ ಮೂಳೆಯ ಅಂಚಿನಲ್ಲಿದ್ದ ಗರ್ಭಕೋಶದ ತಲೆ 20ನೇ ವಾರಕ್ಕೆ ಹೊಕ್ಕುಳ ಮಟ್ಟಕ್ಕೆ ಏರುತ್ತದೆ. ಅಲ್ಲಿಂದ ಮುಂದೆ ಅದು ಹೆಚ್ಚುಕಡಿಮೆ ವಾರಕ್ಕೊಂದು ಸೆಂಟಿಮೀಟರ್ ಬೆಳೆಯುತ್ತದೆ. ಮೈಯ ಭಾರ ಮುಂದಕ್ಕೆ ವಾಲುತ್ತದೆ, ಅದನ್ನು ಸರಿದೂಗಿಸಲು ಬೆನ್ನು ಹಿಂದಕ್ಕೆ ಬಾಗುತ್ತದೆ. ಹಾರ್ಮೋನುಗಳ ಪ್ರಭಾವದಿಂದ ಕೀಲುಗಳನ್ನು ಬಿಗಿದಿಟ್ಟ ನಾರುಗಳೂ ಸಡಿಲಾಗಿರುತ್ತವೆ.

ಹಾಗಾಗಿ ಏನು ಕೊಳ್ಳಬೇಕು ಎಂಬ ಪ್ರಶ್ನೆ ಆಮೇಲಿರಲಿ. ಮೊದಲು ಮೂರು ದಿನ, ಎಲ್ಲಿ ನೋಯುತ್ತದೆ, ಯಾವ ಚಲನೆಗೆ ನೋಯುತ್ತದೆ, ಯಾವ ಹೊತ್ತಿನಲ್ಲಿ ನೋಯುತ್ತದೆ ಎಂದು ಗಮನಿಸಿ ಬರೆದಿಡಿ.

ಯಾವ ನೋವು ಯಾವುದು

ಸೀನಿದಾಗ, ಕೆಮ್ಮಿದಾಗ, ಹಾಸಿಗೆಯಲ್ಲಿ ಥಟ್ಟನೆ ಮಗ್ಗುಲು ಬದಲಿಸಿದಾಗ ತೊಡೆಸಂದಿನ ಮೇಲೆ ಒಂದು ಬದಿಯಲ್ಲಿ ಚುಳ್ಳೆಂದು ಹಿಡಿದು ಸ್ವಲ್ಪ ಹೊತ್ತಿನಲ್ಲೇ ಬಿಟ್ಟುಹೋಗುವ ನೋವು ಗರ್ಭಕೋಶವನ್ನು ಹಿಡಿದಿರುವ ದುಂಡು ನಾರುಗಳದ್ದು. ಇದಕ್ಕೆ ವಸ್ತುವಿಗಿಂತ ಉಪಾಯವೇ ಮುಖ್ಯ. ಸೀನು ಬರುವ ಮುಂಚೆ ಸೊಂಟದಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಅಂಗೈಯಿಂದ ಹೊಟ್ಟೆಯ ಬುಡವನ್ನು ಹಿಡಿಯಿರಿ. ಎದ್ದೇಳುವಾಗ ಅವಸರ ಬೇಡ. ದಿನಕ್ಕೆ ಹಲವು ಸಲ ಹೀಗಾಗುತ್ತಿದ್ದರೆ ಹೊಟ್ಟೆಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಬೆಲ್ಟ್ ನೆರವಾಗಬಹುದು.

ಸಂಜೆಯ ಹೊತ್ತಿಗೆ ಸೊಂಟದ ಮಟ್ಟದಲ್ಲಿ ಅಡ್ಡಕ್ಕೆ ಹರಡುವ ಮಂದ ನೋವು ನಿಂತ, ಕೂತ ಭಂಗಿಯದ್ದು. ಇಲ್ಲಿ ಕುರ್ಚಿ, ಚಪ್ಪಲಿ ಮತ್ತು ವ್ಯಾಯಾಮದ ಕೆಲಸ ಹೆಚ್ಚು, ಬೆಲ್ಟಿನ ಕೆಲಸ ಕಡಿಮೆ.

ಮೂರನೆಯದು ಇದಕ್ಕಿಂತ ಕೆಳಗಿನದು. ಬೆನ್ನಿನ ಬುಡದಲ್ಲಿ ಎರಡು ಕುಳಿಗಳಿರುವ ಜಾಗದಲ್ಲಿ, ಪೃಷ್ಠದಲ್ಲಿ, ಅಥವಾ ಮುಂದೆ ಹೊಟ್ಟೆಯ ಬುಡದಲ್ಲಿ ಎರಡು ಮೂಳೆ ಕೂಡುವಲ್ಲಿ ನೋವು. ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳುವಾಗ, ಕಾರಿನಿಂದ ಇಳಿಯಲು ಕಾಲು ಅಗಲಿಸಿದಾಗ ಇದು ಹೆಚ್ಚುತ್ತದೆ. ಡಾಕ್ಟರು ಪೆಲ್ವಿಕ್ ಗರ್ಡಲ್ ಪೇನ್ ಎನ್ನುವ ಈ ಮೂಳೆಕಟ್ಟಿನ ನೋವು ಐವರು ಗರ್ಭಿಣಿಯರಲ್ಲಿ ಒಬ್ಬರಿಗಾದರೂ ಬರುತ್ತದೆ. ಇದರಿಂದ ಮಗುವಿಗೆ ತೊಂದರೆಯಿಲ್ಲ. ಆದರೆ ‘ಬಸುರಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಹಲ್ಲುಕಚ್ಚಿ ಸಹಿಸುವ ನೋವು ಇದಲ್ಲ. ಬೇಗ ಫಿಸಿಯೋಥೆರಪಿಸ್ಟ್ ಹತ್ತಿರ ಹೋದಷ್ಟೂ ಬೇಗ ಹತೋಟಿಗೆ ಬರುತ್ತದೆ.

ಈ ಮೂರನ್ನು ಬೇರ್ಪಡಿಸಿಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ. ಹೊಟ್ಟೆ ಎತ್ತುವ ಬೆಲ್ಟನ್ನು ಮೂಳೆಕಟ್ಟಿನ ನೋವಿಗೆ ಹಾಕಿಕೊಂಡರೂ, ಮೂಳೆಕಟ್ಟು ಬಿಗಿಯುವ ಬೆಲ್ಟನ್ನು ಹೊಟ್ಟೆಯ ಭಾರಕ್ಕೆ ಹಾಕಿಕೊಂಡರೂ ನಿರಾಸೆಯೇ.

ದಿಂಬು: ಮನೆಯ ದಿಂಬೋ, ಬೆಣೆ ದಿಂಬೋ, ಉದ್ದ ದಿಂಬೋ?

ಕೊಳ್ಳುವ ಮುಂಚೆ ಮನೆಯಲ್ಲಿರುವ ಮೂರು ದಿಂಬುಗಳಿಂದ ಮೂರು ರಾತ್ರಿ ಪರೀಕ್ಷೆ ಮಾಡಿ. ಮಗ್ಗುಲಾಗಿ ಮಲಗಿ, ಎರಡೂ ಮಂಡಿಗಳನ್ನು ಸ್ವಲ್ಪ ಮಡಿಸಿ. ಒಂದು ದಿಂಬು ಕಾಲುಗಳ ನಡುವೆ, ಒಂದು ಹೊಟ್ಟೆಯ ಕೆಳಗೆ, ಒಂದು ಬೆನ್ನಿಗೆ ಒತ್ತಿಕೊಂಡಂತೆ. ತಪ್ಪಾಗುವುದು ಮೊದಲನೆಯ ದಿಂಬಿನಲ್ಲೇ. ಚಿಕ್ಕ ದಿಂಬನ್ನು ಮಂಡಿಗಳ ನಡುವೆ ಮಾತ್ರ ಇಟ್ಟರೆ ಮಂಡಿ ಮೇಲಿರುತ್ತದೆ, ಪಾದ ಕೆಳಗೆ ಜೋಲುತ್ತದೆ, ತೊಡೆ ಒಳಕ್ಕೆ ತಿರುಗುತ್ತದೆ, ಬೆಳಿಗ್ಗೆ ಸೊಂಟದ ಕೀಲು ಹಿಡಿದುಕೊಂಡಿರುತ್ತದೆ. ದಿಂಬು ತೊಡೆಯಿಂದ ಪಾದದವರೆಗೆ ಉದ್ದಕ್ಕಿರಬೇಕು. ಮೇಲಿನ ಕಾಲು ನೆಲಕ್ಕೆ ಸಮನಾಗಿ, ಸೊಂಟದ ಎತ್ತರದಲ್ಲೇ ಇದ್ದರೆ ಸರಿ. ತೀರ ದಪ್ಪ ದಿಂಬೂ ಕೆಟ್ಟದ್ದೇ, ಏಕೆಂದರೆ ಅದು ಕಾಲನ್ನು ಸೊಂಟಕ್ಕಿಂತ ಮೇಲೆತ್ತಿ ಮೂಳೆ ಕೂಡುವ ಜಾಗವನ್ನು ಎಳೆಯುತ್ತದೆ.

ಮೂರು ರಾತ್ರಿಗಳ ಕೊನೆಗೆ ಮೂರರಲ್ಲಿ ಯಾವ ದಿಂಬು ನಿಜಕ್ಕೂ ಬೇಕಾಯಿತು ಎಂದು ನೋಡಿಕೊಳ್ಳಿ.

ಹೊಟ್ಟೆಯ ಕೆಳಗಿನದೊಂದೇ ಬೇಕಾಗಿತ್ತು ಎಂದಾದರೆ ಬೆಣೆ ಆಕಾರದ ಸಣ್ಣ ದಿಂಬು ಸಾಕು. 16ರಿಂದ 22ನೇ ವಾರದವರೆಗೆ, ಹೊಟ್ಟೆ ಇನ್ನೂ ಹಾಸಿಗೆಯವರೆಗೆ ಮುಟ್ಟದೆ ಗಾಳಿಯಲ್ಲಿ ತೂಗುತ್ತಿರುವಾಗ ಇದು ತುಂಬ ಹಿತ. ತೆಳ್ಳಗಿನ ತುದಿ ಪಕ್ಕೆಲುಬಿನ ಕಡೆಗೆ ಬಾರದೆ ಹೊಟ್ಟೆಯಡಿಗೆ ನುಸುಳುವಂತೆ ಇಡಿ. ಜಾಗ ಕಡಿಮೆ ಹಿಡಿಯುತ್ತದೆ, ಸೆಕೆಯಾಗುವುದಿಲ್ಲ, ಆಮೇಲೆ ಕುರ್ಚಿಯಲ್ಲಿ ಬೆನ್ನಿಗೂ ಆಗುತ್ತದೆ. ಕೊರತೆಯೆಂದರೆ ಮಗ್ಗುಲು ಬದಲಿಸಿದಾಗಲೆಲ್ಲ ಹುಡುಕಿ ಈ ಕಡೆಗೆ ತಂದುಕೊಳ್ಳಬೇಕು.

ಕಾಲಿನ ನಡುವೆ ಮತ್ತು ಹೊಟ್ಟೆಗೆ, ಎರಡಕ್ಕೂ ಬೇಕಾದರೆ ‘ಸಿ’ ಆಕಾರದ ದಿಂಬು. ತಲೆಯಿಂದ ಕಾಲಿನವರೆಗೆ ಒಂದೇ ದಿಂಬು ಬಳಸಿಕೊಂಡು ಬರುತ್ತದೆ. ಒಂದೇ ಮಗ್ಗುಲಿಗೆ ಹೆಚ್ಚು ಹೊತ್ತು ಮಲಗುವವರಿಗೆ ಇದು ಚೆನ್ನ. ರಾತ್ರಿ ಐದಾರು ಸಲ ಹೊರಳುವವರಿಗೆ ಪ್ರತಿ ಸಲವೂ ಇಡೀ ದಿಂಬನ್ನು ತಿರುಗಿಸುವ ಕಷ್ಟ.

ಅಂಥವರಿಗೆ ‘ಯು’ ಆಕಾರದ್ದು ಸೂಕ್ತ. ಎರಡೂ ಬದಿಯಲ್ಲಿ ತೋಳು ಇರುವುದರಿಂದ ಹೊರಳಿದರೆ ಆ ಕಡೆಯೂ ಆಸರೆ ಸಿದ್ಧ. ಬೆನ್ನಿನ ಮೇಲೆ ಹೊರಳುವುದನ್ನೂ ಅದು ಒಂದಿಷ್ಟು ತಡೆಯುತ್ತದೆ. ಆದರೆ ಹಾಸಿಗೆಯ ಮುಕ್ಕಾಲು ಭಾಗ ಅದಕ್ಕೇ ಬೇಕು, ಸಂಗಾತಿಗೆ ಜಾಗ ಉಳಿಯುವುದಿಲ್ಲ. ಸೆಕೆ ಹೆಚ್ಚು. ನಡುರಾತ್ರಿ ಮೂತ್ರಕ್ಕೆ ಏಳುವಾಗ ಭಾರದ ತೋಳನ್ನು ಕಾಲಿನಿಂದ ಸರಿಸಬೇಕು, ಮೂಳೆಕಟ್ಟಿನ ನೋವಿರುವವರಿಗೆ ಆ ಒಂದು ಚಲನೆಯೇ ಹಿಂಸೆ. ಅಂಥವರಿಗೆ ನಮ್ಮ ಸಲಹೆ ‘ಯು’ ದಿಂಬಲ್ಲ, ತೊಡೆಯಿಂದ ಪಾದದವರೆಗೆ ಬರುವ ಒಂದು ಉದ್ದನೆಯ ನೇರ ದಿಂಬು ಅಥವಾ ಲೋಡು.

ಒಳಗಿನ ಹೂರಣವನ್ನೂ ನೋಡಿ. ಪಾಲಿಯೆಸ್ಟರ್ ನಾರು ಹಗುರ, ತೊಳೆಯಬಹುದು, ಆದರೆ ಕೆಲವು ವಾರಗಳಲ್ಲಿ ಮಂಡಿಯ ಜಾಗದಲ್ಲಿ ತಗ್ಗು ಬೀಳುತ್ತದೆ. ಮೆಮೊರಿ ಫೋಮ್ ಆಕಾರ ಉಳಿಸಿಕೊಳ್ಳುತ್ತದೆ, ಆದರೆ ಶಾಖ ಹಿಡಿದಿಡುತ್ತದೆ, ನೀರಿಗೆ ಹಾಕುವಂತಿಲ್ಲ. ಸಣ್ಣ ಮಣಿಗಳು ತುಂಬಿದ ದಿಂಬು ಮೈಗೆ ಒಗ್ಗುತ್ತದೆ, ಹೊರಳಿದಾಗ ಸರಸರ ಸದ್ದು ಮಾಡುತ್ತದೆ. ಯಾವುದಾದರೂ ಸರಿ, ಹೊರಗವಸು ಜಿಪ್ ಬಿಚ್ಚಿ ತೆಗೆಯುವಂತಿರಲಿ, ಹತ್ತಿ ಬಟ್ಟೆಯದಾಗಿರಲಿ.

ಎಡಮಗ್ಗುಲೇ ಬೇಕೆ ಎಂಬ ಆತಂಕ ಬಹಳ ಮಂದಿಗೆ. 28ನೇ ವಾರದಿಂದ ಮುಂದೆ ನಿದ್ದೆಗೆ ಜಾರುವಾಗ ಮಗ್ಗುಲಾಗಿರುವುದು ಮುಖ್ಯ, ಎಡವೋ ಬಲವೋ ಎರಡೂ ಆದೀತು. ಅಂಗಾತ ಮಲಗಿದರೆ ಗರ್ಭಕೋಶ ಬೆನ್ನೆಲುಬಿನ ಪಕ್ಕದ ದೊಡ್ಡ ರಕ್ತನಾಳವನ್ನು ಅದುಮುತ್ತದೆ. ಅದಕ್ಕೂ ಮುಂಚೆಯೇ ಅಂಗಾತವಾದಾಗ ತಲೆ ಸುತ್ತಿದರೆ, ವಾಕರಿಕೆ ಬಂದರೆ ಕೂಡಲೇ ಮಗ್ಗುಲಾಗಿ. ಎಚ್ಚರವಾದಾಗ ಅಂಗಾತ ಇದ್ದೀರೆಂದು ಗೊತ್ತಾದರೆ ಗಾಬರಿ ಬೇಡ, ತಿರುಗಿ ಮಲಗಿದರಾಯಿತು. ಈಗಲೇ ಮಗ್ಗುಲಿನ ಅಭ್ಯಾಸ ಮಾಡಿಕೊಂಡರೆ ಏಳನೇ ತಿಂಗಳಲ್ಲಿ ಹೊಸದಾಗಿ ಒದ್ದಾಡುವುದು ತಪ್ಪುತ್ತದೆ.

ಎದೆಯುರಿ ಇರುವವರು ತಲೆಯ ಕೆಳಗೆ ದಿಂಬಿನ ಮೇಲೆ ದಿಂಬು ಪೇರಿಸಬೇಡಿ. ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಚಿ ಆಮ್ಲ ಇನ್ನಷ್ಟು ಮೇಲೇರುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15 ಸೆಂಟಿಮೀಟರ್ ಎತ್ತರದ ಗಟ್ಟಿ ಮರದ ತುಂಡು ಕೊಡಿ, ಅಥವಾ ಸೊಂಟದಿಂದ ತಲೆಯವರೆಗೆ ಇಳಿಜಾರಾಗಿ ಬರುವ ದೊಡ್ಡ ಬೆಣೆ ದಿಂಬು ಬಳಸಿ. ಇಲ್ಲಿ ಎಡಮಗ್ಗುಲಿಗೆ ನಿಜವಾದ ಲಾಭವಿದೆ, ಆಮ್ಲ ಮೇಲೆ ಬರುವುದು ಕಡಿಮೆಯಾಗುತ್ತದೆ.

ಹಾಸಿಗೆಯಿಂದ ಏಳುವ ಕ್ರಮವನ್ನು ಯಾವ ದಿಂಬೂ ಕಲಿಸುವುದಿಲ್ಲ. ಎರಡೂ ಮಂಡಿ ಜೋಡಿಸಿ, ಭುಜ ಮತ್ತು ಸೊಂಟ ಒಟ್ಟಿಗೆ ಮರದ ದಿಮ್ಮಿಯಂತೆ ಹೊರಳಲಿ. ಕಾಲುಗಳನ್ನು ಅಂಚಿನಿಂದ ಕೆಳಗಿಳಿಸಿ, ಕೈಯೂರಿ ಮೈಯನ್ನು ಮೇಲಕ್ಕೆ ತಳ್ಳಿ. ಅಂಗಾತದಿಂದ ನೇರ ಎದ್ದು ಕೂರಬೇಡಿ.

ಬೆಲ್ಟ್: ಎತ್ತುವುದು, ಬಿಗಿಯುವುದು, ಮುಚ್ಚುವುದು

ನೋಡಲು ಒಂದೇ ಥರ ಕಾಣುವ ಬೆಲ್ಟುಗಳು ಮಾಡುವ ಕೆಲಸ ಬೇರೆ ಬೇರೆ.

ಹೊಟ್ಟೆಯ ಮೇಲೆ ಕೊಳವೆಯಂತೆ ಏರಿಸಿಕೊಳ್ಳುವ ಹಿಗ್ಗುವ ಬಟ್ಟೆಯ ಪಟ್ಟಿ ಬರಿಯ ಮುಚ್ಚಿಗೆ. ಗುಂಡಿ ಹಾಕಲಾಗದ ಪ್ಯಾಂಟನ್ನು ಹಿಡಿದಿಡುತ್ತದೆ. ಆಸರೆ ಅದರಿಂದ ನಿರೀಕ್ಷಿಸಬೇಡಿ.

ಎತ್ತುವ ಬೆಲ್ಟಿಗೆ ಹಿಂದೆ ಅಗಲವಾದ ಭಾಗ, ಮುಂದೆ ಹೊಟ್ಟೆಯ ಬುಡಕ್ಕೆ ಬರುವ ಮೆತ್ತನೆಯ ಪಟ್ಟಿ, ವೆಲ್ಕ್ರೋ ಇರುತ್ತವೆ. ಭಾರದ ಒಂದಷ್ಟು ಪಾಲನ್ನು ಬೆನ್ನಿಗೆ ಹಂಚುತ್ತದೆ. ಹೆಚ್ಚು ಹೊತ್ತು ನಿಂತು ಕೆಲಸ ಮಾಡುವವರಿಗೆ, ನಡಿಗೆಗೆ, ಅವಳಿ ಇರುವವರಿಗೆ ಇದು. ಹಾಕುವ ಕ್ರಮ ಹೀಗೆ: ನಿಂತು ಅಥವಾ ಮಗ್ಗುಲಾಗಿ ಒರಗಿ, ಒಂದು ಕೈಯಿಂದ ಹೊಟ್ಟೆಯನ್ನು ಮೆಲ್ಲಗೆ ಮೇಲೆತ್ತಿ, ಪಟ್ಟಿಯನ್ನು ಹೊಟ್ಟೆಯ ಅಡಿಗೆ ತನ್ನಿ, ಆಮೇಲೆ ವೆಲ್ಕ್ರೋ ಅಂಟಿಸಿ. ಹೊಟ್ಟೆಯ ನಡುಭಾಗದ ಮೇಲೆ ಬಂದರೆ ಅದು ಎತ್ತುವುದಿಲ್ಲ, ಅದುಮುತ್ತದೆ. ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಹಾಕಿಕೊಂಡು ಹತ್ತು ನಿಮಿಷ ನಡೆದು, ಒಮ್ಮೆ ಕೂತು ನೋಡಿ. ಉಸಿರು ಮೇಲೆ ಸಿಕ್ಕಿದಂತಾದರೆ, ಎದೆಯುರಿ ಶುರುವಾದರೆ, ಮೂತ್ರಕ್ಕೆ ಅವಸರವಾದರೆ, ತೊಡೆ ಜುಮುಗುಟ್ಟಿದರೆ ಬಿಗಿ ಹೆಚ್ಚಾಗಿದೆ. ಕೂತಾಗ ಪಟ್ಟಿ ಸುರುಳಿಯಾಗಿ ಮಡಚಿಕೊಳ್ಳುತ್ತಿದ್ದರೆ ಅಳತೆಯೋ ಅಗಲವೋ ನಿಮಗೆ ಒಪ್ಪುತ್ತಿಲ್ಲ.

ಬಿಗಿಯುವ ಬೆಲ್ಟ್ ಕಿರಿದು, ಹೆಚ್ಚು ಹಿಗ್ಗದ್ದು. ಇದು ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಸೊಂಟದ ಮೂಳೆಯ ಮುಂಚೂಣಿ ತುದಿಗಳ ಕೆಳಗೆ, ತೊಡೆಯ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಯುಬ್ಬಿನ ಮೇಲೆ, ಹಿಂದೆ ಪೃಷ್ಠದ ಮೇಲ್ಭಾಗದಲ್ಲಿ ಸುತ್ತಿ ಸಡಿಲ ಕೀಲುಗಳನ್ನು ಕೂಡಿಸಿ ಹಿಡಿಯುತ್ತದೆ. ಮೂಳೆಕಟ್ಟಿನ ನೋವಿಗೆ ಇದೇ ಸರಿ. ಕೊಳ್ಳುವ ಮುಂಚೆ ಇದಕ್ಕೂ ಸುಲಭ ಪರೀಕ್ಷೆ ಇದೆ. ನೋವು ಬರುವ ಕೆಲಸ ಮಾಡುವಾಗ, ಅಂದರೆ ಒಂದು ಮೆಟ್ಟಿಲು ಹತ್ತುವಾಗ, ಇನ್ನೊಬ್ಬರು ಎರಡೂ ಅಂಗೈಗಳಿಂದ ನಿಮ್ಮ ಸೊಂಟದ ಎರಡು ಹೊರಬದಿಗಳನ್ನು ಒಳಮುಖವಾಗಿ ಒತ್ತಿ ಹಿಡಿಯಲಿ. ನೋವು ಇಳಿದರೆ ಬೆಲ್ಟ್ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ. ಹೆಚ್ಚಿದರೆ ಕೊಳ್ಳಬೇಡಿ, ಫಿಸಿಯೋಥೆರಪಿಸ್ಟ್ ನೋಡಲಿ.

ಭುಜದ ಮೇಲಿಂದ ಪಟ್ಟಿ ಬರುವ ನಾಲ್ಕನೇ ಬಗೆ ಭಾರವನ್ನು ಭುಜಕ್ಕೂ ಸಾಗಿಸುತ್ತದೆ. ಅವಳಿ ಮಕ್ಕಳಿದ್ದಾಗ ಅರ್ಥವಿದೆ, ಉಳಿದವರಿಗೆ ಶೌಚಾಲಯದಲ್ಲಿ ಬಿಚ್ಚಿ ಹಾಕುವ ರಗಳೆ.

ಯಾವ ಬೆಲ್ಟಾದರೂ ಕೆಲಸದ ಹೊತ್ತಿಗೆ ಮಾತ್ರ, ಒಂದು ಸಲಕ್ಕೆ ಎರಡು ಮೂರು ತಾಸು. ಮಲಗುವಾಗ ಬೇಡ. ಬೆಲ್ಟ್ ಒಂದರಿಂದಲೇ ನೋವು ವಾಸಿಯಾಗುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ, ವ್ಯಾಯಾಮದ ಜೊತೆಗೆ ಅದು ನೆರವು. ಬೆಲ್ಟ್ ಹಾಕಿಕೊಂಡರೆ ಅವಧಿಗೆ ಮುಂಚಿನ ಹೆರಿಗೆ ತಪ್ಪುತ್ತದೆ ಎಂಬ ಮಾತನ್ನು ನಂಬಬೇಡಿ. ರಕ್ತದೊತ್ತಡ ಹೆಚ್ಚಿರುವವರು, ಗರ್ಭಕಂಠಕ್ಕೆ ಹೊಲಿಗೆ ಹಾಕಿಸಿಕೊಂಡವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿನಲ್ಲಿ ತಿಳಿದವರು ಡಾಕ್ಟರನ್ನು ಕೇಳದೆ ಯಾವುದನ್ನೂ ಬಿಗಿಯಬೇಡಿ. ಕಾರಿನ ಸೀಟ್ ಬೆಲ್ಟೂ ಇದೇ ಪಾಠ ಹೇಳುತ್ತದೆ: ಅಡ್ಡಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಮೂಳೆಗಳ ಮೇಲೆ, ಭುಜದ ಪಟ್ಟಿ ಎರಡು ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ.

ಬ್ರಾ

ಬೆನ್ನಿನ ಮೇಲ್ಭಾಗ, ಭುಜ ನೋಯುತ್ತಿದ್ದರೆ ಹೊಟ್ಟೆಯನ್ನು ದೂರುವ ಮುಂಚೆ ಬ್ರಾ ನೋಡಿ. ಸ್ತನದ ಭಾರವನ್ನು ಹೊರಬೇಕಾದದ್ದು ಎದೆಯ ಸುತ್ತಿನ ಪಟ್ಟಿ, ಭುಜದ ಪಟ್ಟಿಯಲ್ಲ. ಹಿಂದಿನ ಪಟ್ಟಿ ಮೇಲಕ್ಕೆ ಏರುತ್ತಿದ್ದರೆ ಸುತ್ತಳತೆ ದೊಡ್ಡದಾಗಿದೆ. ಕಪ್ಪಿನ ಮೇಲೆ ಸ್ತನ ಉಬ್ಬಿ ಎರಡಾದಂತೆ ಕಂಡರೆ ಕಪ್ ಚಿಕ್ಕದು. ಮಾಮೂಲಿ ಬ್ರಾವನ್ನು ಅತಿ ಸಡಿಲ ಕೊಕ್ಕೆಗೆ ಸರಿಹೊಂದುವಂತೆ ಕೊಳ್ಳುವುದು ಪದ್ಧತಿ, ಬಟ್ಟೆ ಸಡಿಲಾದಂತೆ ಒಳಕೊಕ್ಕೆಗೆ ಹೋಗಲಿ ಎಂದು. ಬಸುರಿನಲ್ಲಿ ಇದು ತಿರುಗುಮುರುಗು. ಪಕ್ಕೆಲುಬಿನ ಗೂಡು ಹಿಗ್ಗುತ್ತಾ ಹೋಗುವುದರಿಂದ ಇಂದು ಅತಿ ಬಿಗಿ ಕೊಕ್ಕೆಗೆ ಸರಿಯಾಗುವುದನ್ನು ಆರಿಸಿ, ಮುಂದೆ ಒಂದೊಂದೇ ಸಡಿಲಿಸಿಕೊಳ್ಳಬಹುದು. ಈಗಿನ ಕಪ್ ಸರಿಯಿದ್ದು ಸುತ್ತು ಮಾತ್ರ ಬಿಗಿಯಾಗಿದ್ದರೆ ಹೊಸದೇಕೆ? ಹಿಂದೆ ಸೇರಿಸುವ ಕೊಕ್ಕೆಪಟ್ಟಿಯೊಂದು ಸಾಕು.

ತಂತಿ ಇರುವುದೋ ಇಲ್ಲದ್ದೋ? ಸರಿಯಾಗಿ ಕೂತ ತಂತಿಯಿಂದ ಅಪಾಯವಿಲ್ಲ, ಆದರೆ ಈ ತಿಂಗಳುಗಳಲ್ಲಿ ಅಳತೆ ಬೇಗ ಬೇಗ ಬದಲಾಗುವುದರಿಂದ ಇಂದು ಸರಿಯಾದ ತಂತಿ ತಿಂಗಳಲ್ಲಿ ಸ್ತನದ ಮೇಲೇ ಒತ್ತಬಹುದು. ಅಗಲ ಪಟ್ಟಿಯ, ತಂತಿಯಿಲ್ಲದ ಹತ್ತಿಯ ಬ್ರಾ ಹೆಚ್ಚು ದಿನ ಬಾಳುತ್ತದೆ.

ಕಾಲುಚೀಲ, ಕಾಲು ಸೆಳೆತ

ಸಂಜೆಗೆ ಪಾದ ಊದುವುದು, ಕಾಲಿನ ನರ ಉಬ್ಬುವುದು ಇದ್ದರೆ ಒತ್ತಡದ ಕಾಲುಚೀಲ ನೆರವಾಗುತ್ತದೆ. ಭಾರ, ಸೆಳೆತ ಇಳಿಯುತ್ತವೆ. ನರ ಉಬ್ಬುವುದನ್ನೇ ಅದು ತಡೆಯುವುದಿಲ್ಲ. ಪಾದರಸದ 15ರಿಂದ 20 ಮಿಲಿಮೀಟರ್ ಒತ್ತಡದ್ದು ಹೆಚ್ಚಿನವರಿಗೆ ಸಾಕು. 20ರಿಂದ 30ರದ್ದು ಡಾಕ್ಟರು ಹೇಳಿದರೆ ಮಾತ್ರ. ಅಳತೆಯನ್ನು ಬೆಳಿಗ್ಗೆ, ಊತ ಏರುವ ಮುಂಚೆ ತೆಗೆಯಿರಿ: ಪಾದದ ಗಂಟಿನ ಮೇಲೆ ಅತಿ ಸಣ್ಣ ಜಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗಿನ ಎತ್ತರ. ಚಪ್ಪಲಿಯ ನಂಬರು ನೋಡಿ ಕೊಂಡ ಕಾಲುಚೀಲ ಸರಿಯಾಗುವುದು ಅದೃಷ್ಟದ ಮಾತು.

ಮಂಡಿವರೆಗಿನದೋ ಸೊಂಟದವರೆಗಿನದೋ ಎಂದರೆ, ತೊಡೆಯಲ್ಲೂ ನರ ಉಬ್ಬಿಲ್ಲವಾದರೆ ಮಂಡಿವರೆಗಿನದೇ ಒಳ್ಳೆಯದು. ಸೊಂಟದವರೆಗಿನದನ್ನು ದಿನಕ್ಕೆ ಹತ್ತು ಸಲ ಮೂತ್ರಕ್ಕೆ ಹೋಗುವಾಗ ಇಳಿಸಿ ಏರಿಸುವುದು ಯಾರಿಂದಲೂ ಆಗದು. ಎದ್ದು ಓಡಾಡುವ ಮುಂಚೆಯೇ ಹಾಕಿಕೊಳ್ಳಿ. ಹಿಮ್ಮಡಿಯವರೆಗೆ ಒಳಗನ್ನು ಹೊರಗೆ ಮಾಡಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಮೇಲೆ ಜಾರಿಸಿ. ಮೇಲಿನ ಅಂಚನ್ನು ಮಡಚಬೇಡಿ, ಆ ಮಡಿಕೆ ಕಾಲಿಗೆ ಹಗ್ಗ ಕಟ್ಟಿದಂತಾಗುತ್ತದೆ. ರಾತ್ರಿ ಬಿಚ್ಚಿಡಿ.

ನಡುರಾತ್ರಿ ಮೀನಖಂಡ ಹಿಡಿದರೆ ಮಂಡಿ ನೇರ ಮಾಡಿ ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಿರಿ. ಬೆರಳುಗಳನ್ನು ಮುಂದಕ್ಕೆ ಚಾಚಿದರೆ ಸೆಳೆತ ಹೆಚ್ಚುತ್ತದೆ. ಮಲಗುವ ಮುಂಚೆ ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಬಿಡದಂತೆ 30 ಸೆಕೆಂಡು ಎಳೆತ ಕೊಟ್ಟರೆ ಒಳ್ಳೆಯದು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ, ಕಾಲುಚೀಲವನ್ನೂ ಹಾಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಕುರ್ಚಿ, ಚೆಂಡು, ಚಪ್ಪಲಿ

ದೊಡ್ಡ ಗಾಳಿಚೆಂಡಿನ ಮೇಲೆ ಕೂತರೆ ಸೊಂಟ ಆಡುತ್ತಿರುತ್ತದೆ, ಹಿತವಾಗುತ್ತದೆ. ಆದರೆ ಅದಕ್ಕೆ ಒರಗಲು ಬೆನ್ನಿಲ್ಲ, ಅರ್ಧ ತಾಸಿಗೆ ಸ್ನಾಯು ದಣಿದು ಬೆನ್ನು ಕುಸಿಯುತ್ತದೆ. ಇಡೀ ದಿನದ ಕೆಲಸಕ್ಕೆ ಕುರ್ಚಿಯೇ ಬೇಕು, ನಡುನಡುವೆ 15–20 ನಿಮಿಷ ಚೆಂಡು. ಕೂತಾಗ ಸೊಂಟ ಮಂಡಿಗಿಂತ ತುಸು ಮೇಲಿರಬೇಕು, ಮಧ್ಯಮ ಎತ್ತರದವರಿಗೆ 65 ಸೆಂಟಿಮೀಟರಿನ ಚೆಂಡು ಹೊಂದುತ್ತದೆ. ಜಾರದ ಚಾಪೆಯ ಮೇಲಿಡಿ. ಕುರ್ಚಿಯಲ್ಲಿ ಸೊಂಟದ ಹಿಂದಿನ ಟೊಳ್ಳಿಗೆ ಸುತ್ತಿದ ಟವೆಲ್, ಪಾದ ನೆಲ ಮುಟ್ಟದಿದ್ದರೆ ಕಾಲ್ಮಣೆ, ಅರ್ಧ ತಾಸಿಗೊಮ್ಮೆ ಎದ್ದು ಎರಡು ನಿಮಿಷದ ಓಡಾಟ.

ಚಪ್ಪಲಿಯ ಹಿಮ್ಮಡಿ 2–3 ಸೆಂಟಿಮೀಟರ್ ಇರಲಿ, ಹಿಂದೆ ಪಟ್ಟಿಯಿರಲಿ. ಪಾದ ಅಗಲವಾಗಿ ಹಳೆಯದು ಬಿಗಿಯಾದರೆ ಅರ್ಧ ನಂಬರು ದೊಡ್ಡದು ಕೊಳ್ಳಿ.

ಕೊಳ್ಳಲಾಗದ್ದು

ಎಲ್ಲ ಆಸರೆಗಳಿಗಿಂತ ಹೆಚ್ಚು ದಿನ ಉಳಿಯುವುದು ಸ್ನಾಯುಗಳ ಆಸರೆ. ಮಂಡಿ ಮತ್ತು ಕೈಯೂರಿ, ಉಸಿರು ಬಿಡುತ್ತಾ ಬೆನ್ನನ್ನು ಮೆಲ್ಲಗೆ ಮೇಲಕ್ಕೆ ಗುಂಡಗೆ ಮಾಡಿ, ಮತ್ತೆ ಸಮಮಟ್ಟಕ್ಕೆ ತನ್ನಿ. ಕೆಳಕ್ಕೆ ಜೋಲಲು ಬಿಡಬೇಡಿ. ಹತ್ತು ಸಲ, ದಿನಕ್ಕೆರಡು ಬಾರಿ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿದು ಹತ್ತು ಸೆಕೆಂಡಿನವರೆಗೆ ಹಿಡಿದು ಬಿಡುವುದು ಹತ್ತು ಸಲ, ದಿನಕ್ಕೆ ಮೂರು ಬಾರಿ. ಡಾಕ್ಟರು ಬೇಡವೆನ್ನದಿದ್ದರೆ ವಾರಕ್ಕೆ 150 ನಿಮಿಷ ನಡಿಗೆ ಅಥವಾ ಈಜು. ಮೂಳೆಕಟ್ಟಿನ ನೋವಿದ್ದರೆ ಈಜುವಾಗ ಕಪ್ಪೆಯಂತೆ ಕಾಲು ಅಗಲಿಸಿ ಒದೆಯಬೇಡಿ.

ನೋವಿನ ಮಾತ್ರೆಯನ್ನು ಮನೆಯ ಡಬ್ಬಿಯಿಂದ ತೆಗೆದು ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು 20ನೇ ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಅದರ ಸುತ್ತಲಿನ ನೀರನ್ನು ಕಡಿಮೆ ಮಾಡಬಹುದು. ಹಚ್ಚುವ ಮುಲಾಮನ್ನೂ ಕೇಳಿಯೇ ಹಚ್ಚಿ.

ಬೆಲ್ಟು ದಿಂಬುಗಳನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭಗಳಿವೆ. ರಕ್ತ ಹೋದರೆ, ನೀರು ಸೋರಿದರೆ, ಹೊಟ್ಟೆ ಅಥವಾ ಸೊಂಟದ ನೋವು ಅಲೆಯಂತೆ ಕ್ರಮಬದ್ಧವಾಗಿ ಬಂದು ಹೋಗುತ್ತಿದ್ದರೆ, ಜ್ವರ ಅಥವಾ ಉರಿಮೂತ್ರದ ಜೊತೆ ಬೆನ್ನು ನೋವಿದ್ದರೆ, ಆಡುತ್ತಿದ್ದ ಮಗುವಿನ ಚಲನೆ ಕಡಿಮೆಯಾದರೆ, ತಡೆಯಲಾಗದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈಗಳ ಹಠಾತ್ ಊತ ಕಂಡರೆ ತಡಮಾಡಬೇಡಿ.

ಒಂದೇ ವಸ್ತು ಕೊಳ್ಳುವುದಾದರೆ? ರಾತ್ರಿಯ ತೊಂದರೆ ದೊಡ್ಡದಾಗಿದ್ದರೆ ಪಾದದವರೆಗೆ ಬರುವ ಉದ್ದ ದಿಂಬು, ಹಗಲಿನದು ದೊಡ್ಡದಾಗಿದ್ದರೆ ನೋವಿನ ಜಾಗಕ್ಕೆ ತಕ್ಕ ಬೆಲ್ಟ್. ಬೆಲ್ಟನ್ನು 20ನೇ ವಾರದ ಅಳತೆಗೆ ಕೊಳ್ಳುವುದಾದರೆ ವೆಲ್ಕ್ರೋ ಅಂಟಿದ ಮೇಲೂ ಹಿಗ್ಗಿಸಲು ಒಂದು ಗೇಣು ಜಾಗ ಉಳಿದಿದೆಯೇ ನೋಡಿಕೊಳ್ಳಿ. 28ನೇ ವಾರಕ್ಕೆ ಎಲ್ಲವನ್ನೂ ಮತ್ತೊಮ್ಮೆ ಮೈಗೆ ಹಾಕಿ, ಕೂತು, ನಿಂತು, ಮಲಗಿ ಪರೀಕ್ಷಿಸಿ.